ಅಪ್ಪನ ಮೂರು ಟ್ರಂಕು ನಾಣ್ಯ: ಮಾರುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮ್ಮದು ಚಿಕ್ಕಮಗಳೂರು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ನಲವತ್ತೈದು ವರ್ಷ ನಾಣ್ಯ, ನೋಟು, ಸ್ಟ್ಯಾಂಪು ಕೂಡಿಟ್ಟಿದ್ದರು. ಮೂರು ಟ್ರಂಕು ತುಂಬಿದೆ, ಜೊತೆಗೆ ಅವರೇ ಬರೆದ ಆರು ನೋಟ್‌ಬುಕ್. ನನಗಾಗಲಿ ಬೆಂಗಳೂರಿನಲ್ಲಿರುವ ತಂಗಿಗಾಗಲಿ ಇದರ ಗಂಧಗಾಳಿ ಇಲ್ಲ. ಮನೆ ಬಾಡಿಗೆಗೆ ಕೊಡಬೇಕಾಗಿದೆ. ವ್ಯಾಪಾರಿಯೊಬ್ಬರು ಬಂದು ನೋಡಿ, ಎಲ್ಲಕ್ಕೂ ಸೇರಿ ಅರವತ್ತು ಸಾವಿರ ಎಂದರು. ನೆಂಟರೊಬ್ಬರು ‘ವೈಷ್ಣೋದೇವಿ ಐದು ರೂಪಾಯಿ ಒಂದಕ್ಕೇ ಐದು ಲಕ್ಷ’ ಅನ್ನುತ್ತಾರೆ. 38 ಬೆಳ್ಳಿ ರೂಪಾಯಿ, ಆನೆ ಚಿತ್ರದ ಒಂದಿಷ್ಟು ತಾಮ್ರದ ಕಾಸು, ಎರಡು ಪುಟ್ಟ ಚಿನ್ನದ ನಾಣ್ಯ, 14 ಹಳೆಯ ಐನೂರು–ಸಾವಿರದ ನೋಟು ಇವೆ. ಐದು ಕಾಸುಗಳ ಮುಂದೆ ‘ತೋಟದಲ್ಲಿ ಸಿಕ್ಕಿದ್ದು’ ಎಂದು ಅಪ್ಪ ಬರೆದಿದ್ದಾರೆ. ಅಮ್ಮನಿಗೆ ಮಾರೋದು ಇಷ್ಟವಿಲ್ಲ. ಏನು ಮಾಡೋಣ?

ಉತ್ತರ: ಅರವತ್ತು ಸಾವಿರಕ್ಕೆ ಹೂಂ ಅನ್ನಬೇಡಿ. ಐದು ಲಕ್ಷದ ಮಾತನ್ನೂ ನಂಬಬೇಡಿ. ಇವತ್ತು ಸಂಜೆ ಒಂದೇ ಒಂದು ಕೆಲಸ ಮಾಡಿ. ಆ ಆರು ನೋಟ್‌ಬುಕ್‌ಗಳನ್ನು ಟ್ರಂಕಿನಿಂದ ತೆಗೆದು ಬೇರೆ ಬೀರುವಿನಲ್ಲಿ ಇಟ್ಟು ಬೀಗ ಹಾಕಿ. ನಾಳೆ ಬೆಳಕಿನಲ್ಲಿ ಪ್ರತಿ ಪುಟದ ಫೋಟೋ ತೆಗೆಯಿರಿ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಚಿನ್ನವಲ್ಲ, ಆ ನೋಟ್‌ಬುಕ್‌ಗಳು.

ಹೀಗೆ ಹೇಳೋದಕ್ಕೆ ಕಾರಣ ಇದೆ. ನಮ್ಮ ಸೋದರಮಾವ ಸಕಲೇಶಪುರದ ಕಡೆ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತ ಆಗಿದ್ದರು. ತೋಟಕ್ಕೆ ಬಂದ ಹಳೇ ಲಕೋಟೆಗಳನ್ನೆಲ್ಲ ಅಕ್ಕಿ ಚೀಲದಲ್ಲಿ ತುಂಬಿಟ್ಟಿದ್ದರು. ಅವರು ಹೋದ ಮೇಲೆ ನಾವು ಹುಡುಗರು ಸೇರಿ ‘ಚೊಕ್ಕ ಮಾಡೋಣ’ ಎಂದು ಸ್ಟ್ಯಾಂಪುಗಳನ್ನೆಲ್ಲ ಕತ್ತರಿಸಿ ಆಲ್ಬಂಗೆ ಅಂಟಿಸಿದೆವು. ಲಕೋಟೆ ಬಚ್ಚಲೊಲೆಗೆ ಹೋಯಿತು. ಎಷ್ಟೋ ವರ್ಷದ ಮೇಲೆ ನಾನೇ ಈ ಹವ್ಯಾಸಕ್ಕೆ ಬಿದ್ದಾಗ ಗೊತ್ತಾಯಿತು, ಬೆಲೆ ಇದ್ದದ್ದು ಆ ಲಕೋಟೆಗೆ. ಯಾವ ಊರಿನ ಅಂಚೆ ಮುದ್ರೆ, ಯಾವ ತಾರೀಕು, ಎಲ್ಲಿಂದ ಎಲ್ಲಿಗೆ ಹೋಯಿತು, ಇದನ್ನೇ ಹುಡುಕುವವರು ಇದ್ದಾರೆ. ಕತ್ತರಿಸಿದ ಸ್ಟ್ಯಾಂಪು ಹತ್ತು ಪೈಸೆಗೂ ಬೇಡ. ಗೊತ್ತಿಲ್ಲದವರು ಮಾಡುವ ಮೊದಲ ತಪ್ಪೇ ಇದು, ಚೊಕ್ಕ ಮಾಡೋದು. ಆದ್ದರಿಂದ ನಿಮ್ಮ ಟ್ರಂಕುಗಳಲ್ಲಿ ಯಾವ ಪೊಟ್ಟಣ ಎಲ್ಲಿದೆಯೋ ಅಲ್ಲೇ ಇರಲಿ. ಅಪ್ಪ ಪೊಟ್ಟಣದ ಮೇಲೆ ಒಂದು ನಂಬರ್ ಬರೆದಿದ್ದರೆ ಆ ನಂಬರ್ ನೋಟ್‌ಬುಕ್‌ನಲ್ಲೂ ಇರುತ್ತದೆ. ಪೊಟ್ಟಣ ಬಿಚ್ಚಿ ಕಲಸಿಬಿಟ್ಟರೆ ಆ ನಂಟು ಹೋಯಿತು.

ಇನ್ನು ಕಹಿ ಮಾತು. ನಲವತ್ತೈದು ವರ್ಷದ ಸಂಗ್ರಹ ಅಂದರೆ ಎಲ್ಲವೂ ಬೆಲೆಬಾಳುತ್ತದೆ ಎಂದಲ್ಲ. ನಾನು ಹೋಗಿ ನೋಡಿದ ಮನೆಗಳಲ್ಲೆಲ್ಲ ಹೀಗೇ ಇತ್ತು. ಒಂದು ಊಟದ ತಟ್ಟೆಯಲ್ಲಿ ಹಿಡಿಸುವಷ್ಟು ಸಾಮಾನಿನಲ್ಲಿ ದುಡ್ಡು, ಉಳಿದದ್ದೆಲ್ಲ ಟ್ರಂಕಿನ ಭಾರ. ಆ ತಟ್ಟೆಯಷ್ಟನ್ನು ಆರಿಸಿ ನಿಧಾನವಾಗಿ, ಒಳ್ಳೆಯ ಕಡೆ ಮಾರಬೇಕು. ಮಿಕ್ಕದ್ದನ್ನು ಚೌಕಾಸಿ ಮಾಡದೆ ಬೇಗ ಕೈಬಿಡಬೇಕು. ಜನ ಇದನ್ನು ತಿರುಗುಮುರುಗು ಮಾಡುತ್ತಾರೆ. ಒಳ್ಳೆಯದನ್ನು ಸಗಟಿನಲ್ಲಿ ಕೊಟ್ಟುಬಿಟ್ಟು, ಇಪ್ಪತ್ತು ಪೈಸೆ ಬಿಲ್ಲೆಗೆ ಮೂರು ತಿಂಗಳು ಅಲೆಯುತ್ತಾರೆ. ಆ ತಟ್ಟೆಗೆ ಏನು ಹಾಕಬೇಕು ಎಂದು ಹೇಳುವವರು ನಾನಲ್ಲ, ವ್ಯಾಪಾರಿಯೂ ಅಲ್ಲ. ನಿಮ್ಮ ಅಪ್ಪನೇ. ಯಾವುದರ ಬಗ್ಗೆ ಅವರು ಅರ್ಧ ಪುಟ ಬರೆದಿದ್ದಾರೋ, ಯಾವುದಕ್ಕೆ ಸಂಬಳದಲ್ಲಿ ಉಳಿಸಿ ದುಡ್ಡು ಕೊಟ್ಟಿದ್ದಾರೋ, ಅದು ತಟ್ಟೆಗೆ. ಒಂದೇ ಸಾಲಿನಲ್ಲಿ ‘ಇಂಥದ್ದು 40’ ಎಂದು ಬರೆದದ್ದು ಟ್ರಂಕಿಗೆ.

ಆ ಅರವತ್ತು ಸಾವಿರದ ಲೆಕ್ಕ ಸ್ವಲ್ಪ ಬಿಡಿಸಿ ನೋಡೋಣ. ನಿಮ್ಮ ಹತ್ತಿರ 38 ಬೆಳ್ಳಿ ರೂಪಾಯಿ ಇದೆ ಅಂದಿರಿ. ಬ್ರಿಟಿಷರ ಕಾಲದ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಅಂದರೆ ಒಂದರಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಸಾಲದೆ 1940ರಿಂದ ಅದನ್ನು ಅರ್ಧಕ್ಕೆ ಇಳಿಸಿದರು. ಆ ರೂಪಾಯಿಯಲ್ಲಿ ಇರೋದು 5.8 ಗ್ರಾಂ ಮಾತ್ರ. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್, ಅಯಸ್ಕಾಂತ ಹಿಡಿದರೆ ಅಂಟಿಕೊಳ್ಳುತ್ತದೆ. ಈಗ ನಿಮ್ಮ 38ರಲ್ಲಿ 26 ಹಳೆಯವು, 12 ಯುದ್ಧಕಾಲದವು ಎಂದುಕೊಳ್ಳಿ. ಒಟ್ಟು 348 ಗ್ರಾಂ ಹತ್ತಿರ ಬೆಳ್ಳಿ. ಸುಮ್ನೆ ಲೆಕ್ಕಕ್ಕೆಂದು ಕಿಲೋಗೆ ಒಂದು ಲಕ್ಷ ಇಟ್ಟರೂ ಸುಮಾರು 35 ಸಾವಿರ. ಎರಡು ಲಕ್ಷ ಇಟ್ಟರೆ 70 ಸಾವಿರ. ನಿಮ್ಮ 38ರ ಇಸವಿ ನೋಡಿ ಇವತ್ತಿನ ದರ ಹಾಕಿ. ಆ ವ್ಯಾಪಾರಿ ಬೆಳ್ಳಿಯ ಬೆಲೆಯನ್ನಷ್ಟೇ ಹೇಳಿ ಚಿನ್ನ, ತಾಮ್ರ, ನೋಟು, ಸ್ಟ್ಯಾಂಪು ಎಲ್ಲವನ್ನೂ ಪುಕ್ಕಟೆ ಒಯ್ಯಲು ಹೊರಟಿದ್ದಾರಾ ಎಂಬುದು ನಿಮಗೇ ಕಾಣುತ್ತದೆ.

ವ್ಯಾಪಾರಿಗಳನ್ನು ಬೈಯುತ್ತಿಲ್ಲ, ತಪ್ಪು ತಿಳಿಯಬೇಡಿ. ಅವರೂ ಬಂಡವಾಳ ಹಾಕಬೇಕು, ವರ್ಷಗಟ್ಟಲೆ ಇಟ್ಟುಕೊಂಡು ಒಂದೊಂದೇ ಮಾರಬೇಕು. ಅರ್ಧ ಬೆಲೆಗೆ ಕೇಳಿದರೆ ಅದು ಮೋಸವಲ್ಲ, ವ್ಯಾಪಾರ. ಆದರೆ ‘ಯಾವುದಕ್ಕೆ ಎಷ್ಟು ಎಂದು ಬರೆದುಕೊಡಿ’ ಎಂದು ಕೇಳಿ. ಬರೆದುಕೊಟ್ಟವರ ಜೊತೆ ಮಾತು ಮುಂದುವರಿಸಬಹುದು. ‘ಎಲ್ಲ ಸೇರಿ ಇಷ್ಟು, ಇವತ್ತೇ ಹೇಳಿ’ ಎನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ಎಲ್ಲ ಬೆಳ್ಳಿ ರೂಪಾಯಿಯೂ ಬೆಳ್ಳಿ ಬೆಲೆಗೆ ಹೋಗುವಂಥದ್ದಲ್ಲ. ಇಸವಿ ನೋಡಿ. 1911ರ ಐದನೇ ಜಾರ್ಜ್ ರೂಪಾಯಿ ಇದ್ದರೆ ಪಕ್ಕಕ್ಕೆ ಇಡಿ. ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಾಣುತ್ತದೆ ಎಂದು ಜನ ಗಲಾಟೆ ಮಾಡಿದರು. ಹೊರಗೆ ಬಂದಷ್ಟು ಬಂತು, ಉಳಿದದ್ದನ್ನು ಸರ್ಕಾರ ಕರಗಿಸಿತು. 1912ರಿಂದ ಆನೆಯ ಸೊಂಡಿಲು ಸರಿಯಾಗಿ ಕಾಣುವ ಹಾಗೆ ತಿದ್ದಿದರು. ಸಂಗ್ರಾಹಕರು 1911ರದ್ದಕ್ಕೆ ಇಟ್ಟ ಹೆಸರು ‘ಹಂದಿ ರೂಪಾಯಿ’. 1939ರ ಆರನೇ ಜಾರ್ಜ್ ರೂಪಾಯಿ ಇನ್ನೂ ಅಪರೂಪ, ಹಾಗಾಗಿ ಅದರಲ್ಲಿ ನಕಲಿಯೂ ಜಾಸ್ತಿ. ಬೇರೆ ಇಸವಿಯ ಕೊನೆಯ ಅಂಕಿ ತಿದ್ದಿ 9 ಮಾಡಿದ್ದನ್ನು ನಾನೇ ಕಂಡಿದ್ದೇನೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ನೋಡಿ ‘ಅಬ್ಬಾ, ಎಷ್ಟು ಹಳೇದು’ ಎಂದು ಹಿಗ್ಗಬೇಡಿ. ಆ ಇಸವಿಯನ್ನೇ ಇಟ್ಟುಕೊಂಡು 1874ರವರೆಗೂ ಟಂಕಿಸಿದರು. ಅದು ರಾಶಿ ರಾಶಿ ಇದೆ. ಹಳೆಯದಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಎಷ್ಟು ಸವೆದಿದೆ, ಇವು ಮೂರೇ ನೋಡುವುದು.

ಸವೆತದ ಮಾತು ಬಂತು, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ದಯವಿಟ್ಟು ತೊಳೆಯಬೇಡಿ. ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಟೂತ್‌ಪೇಸ್ಟ್ ಬೇಡ, ಪೀತಾಂಬರಿ ಪುಡಿ ಬೇಡ. ದೇವರ ಪಾತ್ರೆ ಹೊಳೆಯಬೇಕು ನಿಜ, ನಾಣ್ಯ ಹೊಳೆಯಬಾರದು. ಬೆಳ್ಳಿಯ ಮೇಲಿನ ಕಪ್ಪು, ತಾಮ್ರದ ಮೇಲಿನ ಕಂದು ಬಣ್ಣ ಎಷ್ಟೋ ವರ್ಷದಲ್ಲಿ ಬಂದದ್ದು. ಸಂಗ್ರಾಹಕರಿಗೆ ಬೇಕಾದ್ದು ಅದೇ. ಉಜ್ಜಿದ ನಾಣ್ಯವನ್ನು ಲೆನ್ಸಿನಲ್ಲಿ ನೋಡಿದರೆ ಗೀರುಗಳು ಎದ್ದು ಕಾಣುತ್ತವೆ. ಅರ್ಧ ಬೆಲೆ ಅಲ್ಲೇ ಹೋಯಿತು. ತಾಮ್ರಕ್ಕೆ ಹಸಿರು ಕಿಲುಬು ಹತ್ತಿದ್ದರೆ ಆ ಒಂದನ್ನು ಬೇರೆ ಕಾಗದದಲ್ಲಿ ಸುತ್ತಿ ಇಡಿ, ಅಷ್ಟೇ. ಮೆತ್ತನೆಯ ಪ್ಲಾಸ್ಟಿಕ್ ಹಾಳೆಯ ಹಳೇ ಆಲ್ಬಂಗಳಿದ್ದರೆ ಮಾತ್ರ ನಾಣ್ಯಗಳನ್ನು ಅದರಿಂದ ಬಿಡಿಸಿ ಕಾಗದದ ಪೊಟ್ಟಣಕ್ಕೆ ಹಾಕಿ. ಪಿವಿಸಿ ಹಾಳೆ ಹಳತಾದಂತೆ ಜಿಗುಟು ಬಿಟ್ಟು ನಾಣ್ಯವನ್ನು ತಿನ್ನುತ್ತದೆ. ಬಿಡಿಸುವಾಗ ಆಲ್ಬಂನಲ್ಲಿದ್ದ ನಂಬರ್ ಪೊಟ್ಟಣದ ಮೇಲೆ ಬರೆಯಲು ಮರೆಯಬೇಡಿ. ಲಾಭ ಇಲ್ಲದ ಕೆಲಸ ಅನ್ನಿಸಬಹುದು, ಆದರೂ ಮಾಡಿ.

ಆನೆ ಚಿತ್ರದ ಕಾಸುಗಳು ನನಗೆ ಆಸೆ ಹುಟ್ಟಿಸಿದವು. ನಮ್ಮ ಕಡೆಯ ಸಂಗ್ರಹಗಳಲ್ಲಿ ಆನೆ ಕಾಸು ಎರಡು ಬಗೆಯದು ಸಿಗುತ್ತದೆ. ಒಂದು ಟಿಪ್ಪು ಕಾಲದ್ದು. ಹಿಂದಿನ ಬದಿ ಪರ್ಶಿಯನ್ ಬರಹ, ಟಂಕಸಾಲೆಯ ಹೆಸರು. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು. ಟಿಪ್ಪು ಮೌಲೂದಿ ಎಂಬ ಹೊಸ ವರ್ಷಗಣನೆ ತಂದ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಓದುವಾಗ ತಿರುಗಿಸಿ ಓದಬೇಕು. ಇನ್ನೊಂದು ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ್ದು. ಆನೆಯ ಮೇಲೆ ಸೂರ್ಯ ಚಂದ್ರ, ನಡುವೆ ‘ಶ್ರೀ’. ಆಮೇಲೆ ಬಂದವುಗಳಲ್ಲಿ ಆನೆ ಹೋಗಿ ಸಿಂಹ ಬಂತು. ಹಿಂದಿನ ಬದಿ ಕನ್ನಡದಲ್ಲಿ ‘ಮಯಿಲಿ ಕಾಸು 20’, ಇಂಗ್ಲಿಷಿನಲ್ಲೂ ಅದೇ ಬೆಲೆ. ಒಂದಕ್ಕಿಂತ ಹೆಚ್ಚು ಲಿಪಿ ಒಂದೇ ಬಿಲ್ಲೆಯಲ್ಲಿ ಇರುವುದನ್ನು ಲೆನ್ಸ್ ಹಿಡಿದು ಮಕ್ಕಳಿಗೆ ತೋರಿಸಿ, ಖುಷಿಪಡುತ್ತಾರೆ. ಇವು ಸಂತೆಗಳಲ್ಲೂ ಸಿಗುವಷ್ಟು ಸಾಮಾನ್ಯ. ಆದರೆ ಟಂಕಸಾಲೆ, ಇಸವಿ, ಅಚ್ಚು ಸೇರಿದಾಗ ಕೆಲವು ಜೋಡಿ ತುಂಬ ಅಪರೂಪ. ನಿಮ್ಮ ಅಪ್ಪ ಮೇಷ್ಟ್ರು ಬೇರೆ. ಟಂಕಸಾಲೆ ಬರೆಯದೆ ಬಿಟ್ಟಿರಲಾರರು.

ಎರಡು ಪುಟ್ಟ ಚಿನ್ನದ ನಾಣ್ಯ. ಹುರುಳಿಕಾಳಿನಷ್ಟಿದ್ದು, ಅರ್ಧ ಗ್ರಾಂಗಿಂತ ಕಮ್ಮಿ ತೂಗಿ, ಒಂದು ಬದಿ ಕೂತ ನರಸಿಂಹ ಇದ್ದರೆ ಅದು ಕಂಠೀರಾಯಿ ಹಣ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರ್ ಹೊರಡಿಸಿದ್ದು. ಆಮೇಲೂ ಬಹಳ ಕಾಲ ಅದೇ ಮಾದರಿಯಲ್ಲಿ ಟಂಕಿಸಿದರು. ತುಸು ದೊಡ್ಡದಿದ್ದು ಒಂದು ಬದಿ ಸಿಂಹ, ಇನ್ನೊಂದು ಬದಿ ಹಳಗನ್ನಡದ ಸಾಲುಗಳಿದ್ದರೆ ಉಸಿರು ಬಿಗಿಹಿಡಿಯಿರಿ. ಹೊಯ್ಸಳ ವಿಷ್ಣುವರ್ಧನ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂದು ಚಿನ್ನದ ಮೇಲೆ ಬರೆಸಿದ. ನಿಮ್ಮ ಜಿಲ್ಲೆಯ ಅಂಗಡಿ ಎಂಬ ಊರಿನಲ್ಲಿ ಹುಟ್ಟಿದ ವಂಶ, ನಮ್ಮ ಹಾಸನದ ಹಳೇಬೀಡಿನಲ್ಲಿ ಬೆಳೆದದ್ದು. ಹಾಗಾಗಿ ಈ ನಾಣ್ಯಕ್ಕೆ ಇಲ್ಲಿನವರು ಜೀವ ಬಿಡುತ್ತಾರೆ. ಅದಕ್ಕೇ ಅದರ ನಕಲಿಯೂ ಬೇಕಾದಷ್ಟು ಓಡಾಡುತ್ತದೆ.

ಚಿನ್ನವೋ ಅಲ್ಲವೋ ಎಂದು ಅಕ್ಕಸಾಲಿಯ ಹತ್ತಿರ ಒಯ್ದು ಒರೆಗಲ್ಲಿಗೆ ಉಜ್ಜಿಸಬೇಡಿ. ಇಷ್ಟು ಸಣ್ಣ ನಾಣ್ಯಕ್ಕೆ ಒಂದು ಗೀರೂ ದೊಡ್ಡದೇ. ಕ್ಯಾರೆಟ್ ಮೀಟರ್ ಇರುವ ಆಭರಣದಂಗಡಿಗೆ ಹೋಗಿ, ಉಜ್ಜದೆ ನೋಡಿಕೊಡುತ್ತಾರೆ. ತೂಕ ಹಾಕಿಸಿ, ಎರಡು ದಶಮಾಂಶದವರೆಗೆ ಬರೆದುಕೊಳ್ಳಿ. ಅಂಗಡಿಯವರು ‘ಮುರಿಸಿಬಿಡಿ, ಇವತ್ತಿನ ರೇಟು ಕೊಡ್ತೀವಿ’ ಅನ್ನಬಹುದು. ನಕ್ಕು ವಾಪಸ್ ತೆಗೆದುಕೊಳ್ಳಿ. ಅರ್ಧ ಗ್ರಾಂ ಚಿನ್ನದ ಬೆಲೆಗೆ ಮಾರುವ ಸಾಮಾನಲ್ಲ ಅದು.

ಈಗ ‘ತೋಟದಲ್ಲಿ ಸಿಕ್ಕಿದ್ದು’ ಎಂಬ ಆ ಐದು ಕಾಸು. ಇವನ್ನು ಬೇರೆ ಪೊಟ್ಟಣದಲ್ಲಿಡಿ, ಮಾರಾಟದ ಲೆಕ್ಕದಿಂದ ಪೂರ್ತಿ ಹೊರಗಿಡಿ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಅದು ನಿಧಿ, ಸಿಕ್ಕವನದ್ದಾಗಿಬಿಡುವುದಿಲ್ಲ. ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂಬ ನಿಯಮ 1878ರ ನಿಧಿ ಕಾಯ್ದೆಯ ಕಾಲದಿಂದಲೂ ಇದೆ. ಸಿಕ್ಕಿದ್ದರ ಬೆಲೆ ಹತ್ತು ರೂಪಾಯಿ ಮೀರಿದರೆ ತಿಳಿಸಬೇಕು ಎಂಬುದು ಆ ಕಾಯ್ದೆ ಇಟ್ಟ ಮಿತಿ. ಗುಂಡಿ ತೋಡುವಾಗ ಎರಡು ಕಾಸು ಸಿಕ್ಕಿದರೆ ಯಾರು ಡಿಸಿ ಆಫೀಸಿಗೆ ಹೋಗುತ್ತಾರೆ ಎಂದು ನೀವು ಕೇಳಬಹುದು. ನಿಮ್ಮ ಅಪ್ಪನೂ ಹಾಗೇ ಅಂದುಕೊಂಡಿರಬೇಕು. ಆದರೆ ಅವರು ಪ್ರಾಮಾಣಿಕರು, ಬರೆದಿಟ್ಟರು. ಆ ಸಾಲನ್ನು ಹರಿದು ಹಾಕಬೇಡಿ. ವಕೀಲರೊಬ್ಬರನ್ನು ಕೇಳಿ, ಪುರಾತತ್ವ ಇಲಾಖೆಗೆ ಒಪ್ಪಿಸುವುದು ನನ್ನ ಸಲಹೆ. ಬೆಲೆಯ ದೃಷ್ಟಿಯಿಂದ ಐದು ತಾಮ್ರದ ಕಾಸು ಕಳೆದುಕೊಂಡರೆ ನಿಮಗೇನೂ ನಷ್ಟವಿಲ್ಲ. ಎಲ್ಲಿ ಸಿಕ್ಕಿತು ಎಂಬ ಮಾಹಿತಿ ಮಾತ್ರ ಇತಿಹಾಸ ಬರೆಯುವವರಿಗೆ ಬೇಕಾದದ್ದು.

ಕಾನೂನಿನ ಇನ್ನೊಂದು ವಿಷಯ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ದೇಶದ ಒಳಗೆ ಸಂಗ್ರಾಹಕರಿಗೆ ಕೊಡಬಹುದು, ಹೊರದೇಶಕ್ಕೆ ಕಳಿಸುವಂತಿಲ್ಲ. ವಿದೇಶದ ಕೊಳ್ಳುಗ ಎರಡರಷ್ಟು ಕೊಡ್ತೀನಿ ಅಂದರೂ ಬೇಡ. ಅಮೆರಿಕದಿಂದ ಬಂದ ಅಣ್ಣನ ಮಗನ ಸೂಟ್‌ಕೇಸಿನಲ್ಲಿ ‘ನೆನಪಿಗೆ’ ಎಂದು ಹಾಕುವುದೂ ಬೇಡ.

ನೆಂಟರ ಐದು ಲಕ್ಷದ ವಿಷಯ ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ವೈಷ್ಣೋದೇವಿ ನಾಣ್ಯ ಚಲಾವಣೆಗೆಂದೇ ಬೇಕಾದಷ್ಟು ಟಂಕಿಸಿದ್ದು, ಅದರ ಬೆಲೆ ಐದು ರೂಪಾಯಿ. ಇಂಥ ಜಾಹೀರಾತು ಹಾಕುವವರು ನಾಣ್ಯ ಕೊಳ್ಳುವುದಿಲ್ಲ. ‘ಜಿಎಸ್‌ಟಿ ಕಟ್ಟಿ, ರಿಜಿಸ್ಟ್ರೇಷನ್ ಕಟ್ಟಿ, ಆಮೇಲೆ ಐದು ಲಕ್ಷ ಹಾಕ್ತೀವಿ’ ಎಂದು ನಿಮ್ಮಿಂದಲೇ ಕೀಳುತ್ತಾರೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಹಳೇ ನೋಟು, ನಾಣ್ಯದ ವ್ಯವಹಾರ ತಾನು ಮಾಡುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು. ರಾಮಪರಿವಾರ, ಹನುಮಂತ ಇರುವ ‘ಈಸ್ಟ್ ಇಂಡಿಯಾ ಕಂಪನಿ 1818 ಅರ್ಧ ಆಣೆ’ ಟ್ರಂಕಿನಲ್ಲಿ ಸಿಕ್ಕರೆ ದೇವರ ಮನೆಯಲ್ಲಿಡಿ. ಕಂಪನಿ ಅಂಥ ಆಣೆ ಹೊರಡಿಸಲೇ ಇಲ್ಲ, ಅದು ಜಾತ್ರೆಯ ಬಿಲ್ಲೆ. ಯಾರಾದರೂ ಅದು ಅಕ್ಕಿಯನ್ನು ಎಳೆಯುತ್ತದಾ ಎಂದು ಕೇಳಿದರೆ ಅವರು ಅಕ್ಕಿ ಎಳೆಯುವ ಪವಾಡದ ಲೋಹ ಎಂದು ನಂಬಿಸಿ ದುಡ್ಡು ಕೀಳುವ ರೈಸ್ ಪುಲ್ಲರ್ ಮೋಸದವರು. ಬಾಗಿಲು ಹಾಕಿ.

ಸ್ವಾತಂತ್ರ್ಯದ ನಂತರದ ಚಿಲ್ಲರೆ ನಾಣ್ಯ ಟ್ರಂಕಿನ ಅರ್ಧ ತುಂಬಿರಬೇಕು. 1957ರ ಏಪ್ರಿಲ್ 1ರಿಂದ ಬಂದ ನಯಾ ಪೈಸೆ, ಅಲ್ಯುಮಿನಿಯಂ ಮೂರು ಪೈಸೆ, ಕಮಲದ ಇಪ್ಪತ್ತು ಪೈಸೆ, ಅದಕ್ಕೂ ಹಿಂದಿನ ತೂತು ಕಾಸು. ನೆನಪು ಉಕ್ಕಿಸುತ್ತವೆ, ದುಡ್ಡು ಉಕ್ಕಿಸುವುದಿಲ್ಲ. ವ್ಯಾಪಾರಿಗಳು ಇವನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅಪ್ಪ ಇಸವಿಯ ಕೆಳಗಿನ ಟಂಕಸಾಲೆಯ ಗುರುತು ನೋಡಿ ಬೇರೆ ಮಾಡಿಟ್ಟಿದ್ದರೆ ಮಾತ್ರ ಆ ಸೆಟ್ ಕೆಡಿಸಬೇಡಿ. ವಜ್ರದ ಗುರುತು ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಟಂಕಸಾಲೆಯಿಂದ ತರಿಸಿದ ಸ್ಮಾರಕ ಸೆಟ್‌ಗಳಿದ್ದರೆ ಡಬ್ಬಿ, ಕಾಗದ ಸಮೇತ ತಟ್ಟೆಗೆ ಹಾಕಿ.

ನೋಟುಗಳಲ್ಲಿ ಮಡಿಕೆಯೇ ಶತ್ರು. ಗರಿಗರಿ ನೋಟಿಗೂ ನಾಲ್ಕು ಮಡಿಕೆಯ ನೋಟಿಗೂ ಬೆಲೆ ಅಜಗಜಾಂತರ. ಅಶೋಕ ಸ್ತಂಭದ ಮೊದಲ ಒಂದು ರೂಪಾಯಿ ನೋಟು, 1949ರದ್ದು, ಕೆ.ಆರ್.ಕೆ. ಮೆನನ್ ಸಹಿಯದ್ದು ಇದೆಯೇ ನೋಡಿ. 786 ನಂಬರಿನ ನೋಟುಗಳಿಗೆ ಸ್ವಲ್ಪ ಗಿರಾಕಿ ಇದೆ, ಲಕ್ಷಗಟ್ಟಲೆ ಏನೂ ಇಲ್ಲ. ನಂಬರಿನಲ್ಲಿ ನಕ್ಷತ್ರ ಇರುವ ಹತ್ತು, ಇಪ್ಪತ್ತರ ನೋಟು ಅಚ್ಚು ಕೆಟ್ಟದ್ದರ ಬದಲಿಗೆ ಹಾಕಿದ್ದು, 2006ರಿಂದ ಬರುತ್ತಿದೆ, ಹೆಚ್ಚಿನವು ಮುಖಬೆಲೆಗೇ. ನಿಮ್ಮ 14 ರದ್ದಾದ ಐನೂರು–ಸಾವಿರದ ನೋಟಿನ ಬಗ್ಗೆ ಹೆದರಬೇಡಿ, ಹಾಗೆಂದು ಲಘುವಾಗಿಯೂ ನೋಡಬೇಡಿ. 2017ರ ಕಾಯ್ದೆ ಸಾಮಾನ್ಯವಾಗಿ ಹತ್ತು ನೋಟಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ. ಅಧ್ಯಯನ, ಸಂಶೋಧನೆ, ನಾಣ್ಯಸಂಗ್ರಹಕ್ಕೆ 25ರವರೆಗೆ ಬಿಡುತ್ತದೆ. ಅವು ಆಲ್ಬಂನಲ್ಲೇ, ಸಂಗ್ರಹದ ಭಾಗವಾಗಿಯೇ ಇರಲಿ. ಪುಸ್ತಕದ ನಡುವೆ, ಸೀರೆ ಮಡಿಕೆಯಲ್ಲಿ ಇನ್ನಷ್ಟು ಸಿಕ್ಕರೆ ಒಟ್ಟು ಎಣಿಸಿ. ಮೀರಿದರೆ ಹತ್ತು ಸಾವಿರ ಅಥವಾ ನೋಟಿನ ಮೊತ್ತದ ಐದರಷ್ಟು, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ಹಾಕಬಹುದು.

ಸ್ಟ್ಯಾಂಪುಗಳು ಬೇಸರದ ಅಧ್ಯಾಯ. ಸ್ವತಂತ್ರ ಭಾರತದ ಸ್ಟ್ಯಾಂಪುಗಳನ್ನು ಲಕ್ಷಗಟ್ಟಲೆ ಅಚ್ಚು ಹಾಕಿದ್ದಾರೆ. ಇಡೀ ಆಲ್ಬಂ ಮಾರಿದರೂ ಆಲ್ಬಂನ ಖರ್ಚು ಹುಟ್ಟುವುದು ಕಷ್ಟ. ಸ್ಟ್ಯಾಂಪು ಬಿಡುಗಡೆಯಾದ ದಿನವೇ ಮುದ್ರೆ ಒತ್ತಿದ ಪ್ರಥಮ ದಿನದ ಲಕೋಟೆಗಳದ್ದೂ ಅದೇ ಕತೆ. 1948ರ ಆಗಸ್ಟ್ 15ರ ಗಾಂಧಿ ಸ್ಟ್ಯಾಂಪಿನ ನಾಲ್ಕರ ಸೆಟ್‌ನಲ್ಲಿ ಹತ್ತು ರೂಪಾಯಿಯದ್ದು ಇದ್ದರೆ ಅದು ತಟ್ಟೆಗೆ, ಆದರೆ ನಕಲಿ ತುಂಬ. ಚಿಕ್ಕಮಗಳೂರಿನ ಮಳೆಗೆ ಸ್ಟ್ಯಾಂಪುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಬಳಸದವನ್ನು ನೀರಿಗೆ ಹಾಕಬೇಡಿ, ಗೋಂದು ಹೋದರೆ ಬೆಲೆ ಹೋಯಿತು. ಇಲ್ಲಿ ನಾನು ಹುಡುಕುವುದು ಹಳೇ ಲಕೋಟೆಗಳನ್ನು. ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ ತನ್ನದೇ ಅಂಚೆ ಇತ್ತು, 1889ರಲ್ಲಿ ಅದು ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ಅದಕ್ಕೂ ಹಿಂದಿನ ಅಂಚೆ ಮುದ್ರೆಯ ಒಂದು ಕಾಗದ ಸಿಕ್ಕರೆ ಇಡೀ ಸ್ಟ್ಯಾಂಪ್ ಟ್ರಂಕಿಗಿಂತ ಅದು ಮೇಲು. ಗಂಡಭೇರುಂಡ ಮುದ್ರೆಯ ಮೈಸೂರು ಛಾಪಾ ಕಾಗದಕ್ಕೂ ಗಿರಾಕಿ ಇದೆ. ಅದರಲ್ಲಿ ನಿಮ್ಮ ಮನೆಯದೋ ತೋಟದ್ದೋ ಕ್ರಯಪತ್ರ ಬರೆದಿದೆಯಾ ನೋಡಿಕೊಂಡು ಮಾರಿ ಮಾರಾಯರೇ. ಇಂಥ ಅನಾಹುತ ಆದದ್ದನ್ನು ಕಂಡಿದ್ದೇನೆ.

ಮಾರುವುದು ಎಲ್ಲಿ? ತಟ್ಟೆಯಲ್ಲಿರುವುದಕ್ಕೆ ಹರಾಜು. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ ಇವೆಲ್ಲ ನಾಣ್ಯ ಹರಾಜು ನಡೆಸುತ್ತವೆ. ಕೊಡುವ ಮೊದಲು ಅವರ ಹಿಂದಿನ ಹರಾಜಿನ ಫಲಿತಾಂಶ ತೆರೆದು ನೋಡಿ. ನಿಮ್ಮಂಥದೇ ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಯಿತು ಎಂಬುದು ಅಲ್ಲಿ ಇರುತ್ತದೆ. ಕ್ಯಾಟಲಾಗ್ ಪುಸ್ತಕದ ಬೆಲೆ ನೆಚ್ಚಬೇಡಿ. ಅದು ಅಂಗಡಿಯವನು ಮಾರುವ ಬೆಲೆ, ನಿಮ್ಮಿಂದ ಕೊಳ್ಳುವ ಬೆಲೆಯಲ್ಲ. ಎರಡು ಕಡೆ ಫೋಟೋ ಕಳಿಸಿ ಅಂದಾಜು ಕೇಳಿ. ಕಮಿಷನ್ ಎಷ್ಟು, ಮಾರಾಟವಾಗದಿದ್ದರೆ ಏನು, ಕನಿಷ್ಠ ಬೆಲೆ ಇಡಬಹುದೇ, ದುಡ್ಡು ಯಾವಾಗ, ಎಲ್ಲ ಬರಹದಲ್ಲಿ ಬರಲಿ. ಕೊಡುವಾಗ ಒಂದೊಂದರ ತೂಕ, ಫೋಟೋ ಸಮೇತ ರಸೀದಿ ಪಡೆಯಿರಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಮನೆ ಬಾಡಿಗೆಗೆ ಕೊಡುವ ಅವಸರವನ್ನು ಇದಕ್ಕೆ ಗಂಟು ಹಾಕಬೇಡಿ. ತಟ್ಟೆಯಷ್ಟು ಸಾಮಾನು ಬ್ಯಾಂಕ್ ಲಾಕರಿನಲ್ಲಿ ಹಿಡಿಸುತ್ತದೆ. ಫೇಸ್‌ಬುಕ್ ಗುಂಪಿಗೆ ಊರು, ಮನೆ ಹೆಸರು ಹಾಕಿ ಫೋಟೋ ಬಿಡುವುದಂತೂ ಬೇಡವೇ ಬೇಡ.

ದುಡ್ಡು ಬ್ಯಾಂಕ್ ಮೂಲಕವೇ ಬರಲಿ. ಒಬ್ಬರಿಂದ ಒಂದು ದಿನದಲ್ಲಿ ಎರಡು ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆ ಇಲ್ಲ. ಮಾರಿ ಬಂದ ಲಾಭಕ್ಕೆ ತೆರಿಗೆ ಬರಬಹುದು, ಅಲ್ಲಿ ಅಪ್ಪ ಕೊಂಡ ಬೆಲೆಯೇ ನಿಮ್ಮ ಕೊಂಡ ಬೆಲೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ನೋಟ್‌ಬುಕ್‌ನಲ್ಲಿ ತಾರೀಕು, ರೂಪಾಯಿ ಬರೆದಿದ್ದರೆ ನಿಮ್ಮ ಆಡಿಟರ್ ನಿಮ್ಮ ಅಪ್ಪನಿಗೆ ಕೈಮುಗಿಯುತ್ತಾರೆ.

ಕೊನೆಯದಾಗಿ ಅಮ್ಮ. ನೀವು ಇದನ್ನು ಮನಸ್ಸಿನ ವಿಷಯ ಎಂದು ಬರೆದಿದ್ದೀರಿ. ಪಾಲಿನ ವಿಷಯವೂ ಹೌದು. ಅಪ್ಪ ಉಯಿಲು ಬರೆದಿಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ನೀವು, ತಂಗಿ ಮೂವರಿಗೂ ಸಮಪಾಲು. ಅಪ್ಪನ ತಾಯಿ ಇದ್ದರೆ ಅವರಿಗೂ. ಅಮ್ಮನನ್ನು ‘ಮಾರೋಣವಾ’ ಎಂದು ಕೇಳಿದರೆ ಬೇಡ ಎಂದೇ ಹೇಳುತ್ತಾರೆ. ಟ್ರಂಕು ಬಿಚ್ಚಿ ಎದುರಿಗಿಟ್ಟು ‘ನಿಮಗೆ ಯಾವುದು ಬೇಕು’ ಎಂದು ಕೇಳಿ. ಅವರು ಆರಿಸುವುದು ಚಿನ್ನವಾಗಿರುವುದಿಲ್ಲ. ಮದುವೆಯಾದ ವರ್ಷದ ರೂಪಾಯಿಯೋ, ಅವರ ತವರಿನಿಂದ ಬಂದ ಕಾಗದದ ಲಕೋಟೆಯೋ ಇರುತ್ತದೆ. ಒಂದು ಡಬ್ಬಿ ತುಂಬ ಅವರಿಗೆ ಬೇಕಾದದ್ದನ್ನು ಮೊದಲು ತೆಗೆದಿಡಿ, ಬೆಲೆ ನೋಡದೆ. ಆಮೇಲಿನ ಮಾತು ಸುಲಭ. ಚಿಲ್ಲರೆ ನಾಣ್ಯದಲ್ಲಿ ಒಂದೊಂದು ಬಗೆ ಆರಿಸಿ ಒಂದು ಸೆಟ್ ಮಾಡಿ ಅಪ್ಪ ಪಾಠ ಮಾಡಿದ ಶಾಲೆಗೆ ಕೊಡಬಹುದು, ನೋಟ್‌ಬುಕ್ಕಿನ ಜೆರಾಕ್ಸ್ ಜೊತೆಗೆ. ಇಡೀ ಸಂಗ್ರಹ ಒಟ್ಟಿಗೇ ಉಳಿಯಬೇಕು ಎಂದು ಅಮ್ಮ ಹಟ ಹಿಡಿದರೆ ಚಾರ್ಮಾಡಿ ಇಳಿದು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನು ಒಮ್ಮೆ ತೋರಿಸಿಕೊಂಡು ಬನ್ನಿ. ಕೊಡುವುದಾದರೆ ಮೊದಲೇ ಕೇಳಿ, ಯಾವ ಸಂಗ್ರಹಾಲಯವೂ ಕಮಲದ ಇಪ್ಪತ್ತು ಪೈಸೆ ಎರಡು ಕಿಲೋ ತೆಗೆದುಕೊಳ್ಳುವುದಿಲ್ಲ.

ಮಳೆ ನಿಂತ ಮೇಲೆ, ಗಾಳಿ ಒಣಗಿದಾಗ ಈ ಕೆಲಸಕ್ಕೆ ಕೂತುಕೊಳ್ಳಿ. ನಾಲ್ಕು ಭಾನುವಾರ ಸಾಕು. ತಂಗಿಯನ್ನೂ ಕರೆಸಿ, ಒಬ್ಬರು ಓದಬೇಕು, ಇನ್ನೊಬ್ಬರು ಪೊಟ್ಟಣ ಹುಡುಕಬೇಕು. ತಟ್ಟೆಗೆ ಬಿದ್ದವುಗಳ ಫೋಟೋ ಕಿಟಕಿಯ ಬೆಳಕಿನಲ್ಲಿ, ಫ್ಲ್ಯಾಷ್ ಇಲ್ಲದೆ, ಎರಡೂ ಬದಿ ತೆಗೆದು ನನಗೆ ಕಳಿಸಿ. 1939ರ ರೂಪಾಯಿ ಏನಾದರೂ ಸಿಕ್ಕರೆ ಕೊನೆಯ 9ರ ಹತ್ತಿರದಿಂದ ಇನ್ನೊಂದು ಫೋಟೋ ಇರಲಿ, ಅಂಚಿನದ್ದೂ ಒಂದು.